ಕೆಳಗಿನ ಗೆರೆ

"ಫಾದರ್ ಬೊನವೆಂತೂರರ ಆಶ್ರಮಕ್ಕೆ ಯಾವ ದಾರಿ?"

ಈ ಪ್ರಶ್ನೆಯನ್ನು ಅಪೊಲೀನ್ ಮೊದಲು ಕೇಳಿದ್ದು ಫೋನಿಗೆ. ಅದು ಅವಳನ್ನು ಹೊಳೆಯ ನಟ್ಟನಡುವೆ ನಿಲ್ಲಿಸಿತು. ಆಮೇಲೆ ಗೇರುಗುಡ್ಡೆಯ ಕಾವಲಿನವನಿಗೆ ಕೇಳಿದಳು. ಅವನು ಕೈಯೆತ್ತಿ ಇಡೀ ಆಕಾಶವನ್ನು ತೋರಿಸಿದ. ಈಗ ಕೇಳಿದ್ದು, ದಾರಿ ಎರಡಾಗಿ ಒಡೆಯುವಲ್ಲಿ, ಕಲ್ಲುಶಿಲುಬೆಯ ಕಟ್ಟೆಯ ಮೇಲೆ ಕಟ್ಟಿಗೆಯ ಹೊರೆ ಇಳಿಸಿ ಕೂತಿದ್ದ ಒಬ್ಬ ಹೆಂಗಸಿಗೆ.

ಅಪೊಲೀನ್ ಲಿಸ್ಬನ್ನಿನ ಓಣಿಗಳಲ್ಲಿ ದಾರಿ ತಪ್ಪಿದವಳಲ್ಲ. ನೈರೋಬಿಯ ಸಂತೆಯಲ್ಲಿ ಇತರರಿಗೆ ದಾರಿ ತೋರಿಸಿದವಳು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದಾಳೆ ಎಂದು ಅವಳ ತಾಯಿ ಹೇಳುವುದಿತ್ತು. ಅಂಥವಳು ಈಗ ತನ್ನದೇ ಇಗರ್ಜಿಯ ಗಡಿಯೊಳಗೆ ಸ್ಕೂಟರಿನಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದಳು.

ಹೆಂಗಸು ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಅರುವತ್ತು ದಾಟಿದ ಮುಖ, ಗಟ್ಟಿ ಸ್ವರ.

"ದಾರಿ ಹೇಳ್ತೇನೆ. ಬಿಟ್ಟಿ ಅಲ್ಲ."

ಅಪೊಲೀನ್ ಪರ್ಸಿಗೆ ಕೈ ಹಾಕಿದಳು.

"ಛೆ! ದುಡ್ಡು ಯಾರಿಗೆ ಬೇಕು ಮಾರಾಯ್ರೆ? ಹಿಂದೆ ಹೋಗ್ಲಿಕ್ಕೆ ನೀವು ಇಲ್ಲಿಗೇ ಬರಬೇಕಲ್ಲ? ಆಗ ಈ ಕಟ್ಟೆಯಲ್ಲಿ ಕೂತು ನನ್ನ ಮಾತು ಪೂರಾ ಕೇಳ್ಬೇಕು. ನಡುವಿನಲ್ಲಿ ಬಾಯಿ ಹಾಕ್ಲಿಕ್ಕಿಲ್ಲ."

"ಎಂತ ವಿಷಯ?"

"ಈಗ ಹೇಳಿದ್ರೆ ನೀವು ಸ್ಕೂಟರ್ ಸ್ಟಾರ್ಟ್ ಮಾಡ್ತೀರಿ."

ಅಪೊಲೀನಳಿಗೆ ನಗು ಬಂತು. ಪಿಂಚಣಿಯ ತಕರಾರಿರಬೇಕು, ಇಲ್ಲವೇ ಮಗನ ವೀಸಾ. ಪರದೇಶ ಸುತ್ತಿ ಬಂದವಳು ಎಂದು ಗೊತ್ತಾದರೆ ಸಾಕು, ಊರಿನ ಅರ್ಧ ಜನ ಅವಳ ಕೈಗೆ ಪಾಸ್‌ಪೋರ್ಟ್ ಕೊಡುತ್ತಿದ್ದರು.

"ಆಯ್ತು. ಸಾಲ ಅಂತ ಇಟ್ಕೊಳ್ಳಿ."

"ಶಿಲುಬೆಯ ಎದುರು ಹೇಳಿದ ಮಾತು, ನೆನಪಿರಲಿ. ಎಡಕ್ಕೆ ಹೋಗಿ. ಬಲಗಡೆಯ ದಾರಿ ನೋಡ್ಲಿಕ್ಕೆ ಚೆಂದ ಉಂಟು, ಆದ್ರೆ ಹೋಗಿ ಬೀಳುವುದು ಕಲ್ಲಿನ ಕೋರೆಗೆ."

ಅಪೊಲೀನ್ ಎಡಕ್ಕೆ ತಿರುಗಿದಳು. ಎರಡೇ ತಿರುವು, ಆಶ್ರಮ ಕಂಡಿತು.

ಫಾದರ್ ಬೊನವೆಂತೂರ್ ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದರು. ಅಪೊಲೀನಳಿಗೆ ಜಪ ಕಲಿಸಿದ್ದು, ಧರ್ಮೋಪದೇಶ ಹೇಳಿಕೊಟ್ಟದ್ದು, ಪ್ರಶ್ನೆ ಕೇಳಿದಾಗ ಇತರರಂತೆ ಕಿವಿ ಹಿಂಡದೆ ಕತೆ ಹೇಳಿದ್ದು ಇವರೇ. ಈಗ ಇಗರ್ಜಿಯ ಕೆಲಸದಿಂದ ನಿವೃತ್ತರಾಗಿ ಈ ಗುಡ್ಡೆ ಹತ್ತಿದ್ದರು. ಅವರು ರಾಶಿಯ ಅರ್ಧ ಬೀಜಗಳನ್ನು ಅವಳ ಮುಂದೆ ಸರಿಸಿದರು.

ಅಪೊಲೀನಳಿಗೆ ಬೀಜ ಮುಟ್ಟುವಷ್ಟೂ ತಾಳ್ಮೆ ಇರಲಿಲ್ಲ.

"ಫಾದರ್, ನಾಳೆ ಸಂಜೆ ನಮ್ಮ ಹಾಲ್‌ನಲ್ಲಿ ಕಾಲಿಡ್ಲಿಕ್ಕೆ ಜಾಗ ಇರುವುದಿಲ್ಲ! ಪಕ್ಕದ ಮೂರು ಇಗರ್ಜಿಗಳಿಂದ ಬಸ್ಸು ಮಾಡಿಕೊಂಡು ಬರ್ತಾರೆ. ಮೈಕಿನವ ಇವತ್ತೇ ಬಂದಿದ್ದಾನೆ. ಇಂಥದ್ದು ನಮ್ಮಲ್ಲಿ ಇದುವರೆಗೆ ಆಗಿಯೇ ಇಲ್ಲ. 'ಗರ್ಭಪಾತ: ಒಂದು ಮುಕ್ತ ಚರ್ಚೆ' ಅಂತ ಪೋಸ್ಟರ್ ಹಾಕಿಸಿದ್ದೇವೆ. ನಾನೇ ಅಧ್ಯಕ್ಷೆ."

"ಸಂತೋಷ. ಮಾತಾಡುವವರು ಯಾರು?"

"ನಮ್ಮ ಇಗರ್ಜಿಯ ವಿಗಾರ್ ಫಾದರ್ ಇದ್ದಾರೆ. ಅದು ಪಾಪ ಅಂತ ಹೇಳ್ತಾರೆ."

"ಸರಿ."

"ಒಬ್ಬರು ಡಾಕ್ಟರು. ಅದು ಕೊಲೆ ಅಂತ ಹೇಳ್ತಾರೆ."

"ಸರಿ."

"ಒಬ್ಬರು ವಕೀಲರು. ಕಾನೂನು ಒಪ್ಪಿದರೂ ಅದು ಪಾಪವೇ ಅಂತ ಹೇಳ್ತಾರೆ. ಕೊನೆಗೆ ಎಲ್ಲರೂ ಹೇಳಿದ್ದನ್ನು ನಾನು ಒಟ್ಟುಮಾಡಿ ಹೇಳ್ತೇನೆ."

ಫಾದರ್ ಒಂದು ಬೀಜದ ಬಿಳಿ ಸಿಪ್ಪೆ ತೆಗೆದು ಪಾತ್ರೆಗೆ ಹಾಕಿದರು. "ಹಾಗಾದರೆ ಚರ್ಚೆ ಯಾರ ಹತ್ತಿರ?"

ಅಪೊಲೀನ್ ಜಗಲಿಯ ಮೇಲೆ ಕುಕ್ಕರಿಸಿದಳು. ಉತ್ಸಾಹ ಇಳಿಯಲಿಲ್ಲ, ಆದರೆ ಅದರ ಒಳಗಿದ್ದ ಮುಳ್ಳು ಹೊರಗೆ ಬಂತು.

"ಅದನ್ನೇ ಕೇಳ್ಲಿಕ್ಕೆ ಬಂದದ್ದು ಫಾದರ್. ಮೇಲಿನ ವಾಳೆಯ ಒಬ್ಬಳು ಆ ಕೇರಿಯ ಹಿರಿಯ ಗುರಿಕಾರರ ಹತ್ತಿರ ಹೇಳಿ ಕಳಿಸಿದ್ದಳು. ತಾನೂ ಮಾತಾಡ್ತೇನೆ, ತನಗೂ ಒಂದು ಕುರ್ಚಿ ಬೇಕು ಅಂತ. ಅವಳ ಮಗಳಿಗೆ ಬಸುರಿನಲ್ಲಿ ನಂಜು ಏರಿತ್ತಂತೆ. ಮಗುವನ್ನು ತೆಗೆಯದಿದ್ದರೆ ಇಬ್ಬರೂ ಉಳಿಯುವುದಿಲ್ಲ ಅಂತ ಆಸ್ಪತ್ರೆಯವರು ಹೇಳಿದರಂತೆ. ಇವಳು 'ಮಗಳನ್ನು ಉಳಿಸಿ' ಅಂದಳಂತೆ. ಅದನ್ನು ಎಲ್ಲರ ಎದುರು ಹೇಳಬೇಕಂತೆ. ನಮ್ಮ ಕಮಿಟಿಯವರು ಬೆಂಕಿ ಮುಟ್ಟಿದ ಹಾಗೆ ಹಾರಿದರು. ಇವತ್ತು ಒಬ್ಬಳು ಬರ್ತಾಳೆ, ನಾಳೆ ಹತ್ತು ಜನ ಬರ್ತಾರೆ, ಧರ್ಮಸಭೆಯ ಬೋಧನೆ ಏನು ಕೈಯೆತ್ತಿ ವೋಟು ಹಾಕುವ ವಿಷಯವಾ ಅಂತ ಕೇಳಿದರು. ಅದೂ ಸರಿಯೇ ಅನಿಸಿತು. 'ಕುರ್ಚಿ ಭರ್ತಿ ಆಗಿದೆ' ಅಂತ ನಾನೇ ಹೇಳಿ ಕಳಿಸಿದೆ. ಆಮೇಲಿಂದ ಆ ಕುರ್ಚಿ ತಲೆಯಲ್ಲೇ ಕೂತಿದೆ."

"ಪ್ರಶ್ನೆ ಏನು?"

"ನಮ್ಮ ಮಾತು ಸರಿ ಅಂತ ನಮಗೆ ಗೊತ್ತಿರುವಾಗ, ಬೇರೆ ಮಾತಿಗೂ ಜಾಗ ಕೊಡಬೇಕಾ?"

"ನೀನು ಏನನ್ನು ನಂಬುತ್ತೀ?"

"ಜೀವ ದೇವರದ್ದು ಅಂತ."

"ನಾನೂ ಅದನ್ನೇ ನಂಬುತ್ತೇನೆ" ಎಂದರು ಫಾದರ್. "ಬೀಜ ಸುಲಿ. ಕತೆ ಹೇಳುತ್ತೇನೆ."

ಅವರು ಹೇಳಿದ ಕತೆ ಇದು.

ಒಬ್ಬ ವರ್ತಕನಿದ್ದ. ಅವನ ಹೆಂಡತಿ ತುಂಬು ಬಸುರಿ. ಅವಳಿಗೆ ಒಂದು ಮಂಚ ಬೇಕಿತ್ತು, ಹುಟ್ಟುವ ಮಗುವಿಗೆ ಒಂದು ತೊಟ್ಟಿಲು ಬೇಕಿತ್ತು. ವರ್ತಕ ಹಿತ್ತಲಿನ ಹಳೆಯ ಹಲಸಿನ ಮರವನ್ನು ಕಡಿಸಿದ. "ಎರಡೂ ಈ ಒಂದು ಮರದಲ್ಲಿಯೇ ಆಗಬೇಕು" ಎಂದ. ದಿಮ್ಮಿಯನ್ನು ಹಲಗೆಯಾಗಿ ಕೊಯ್ಯಲು ಇಬ್ಬರನ್ನು ಕರೆಸಿದ.

ಮರ ಕೊಯ್ಯುವುದಕ್ಕೆ ಒಂದು ಕ್ರಮವಿದೆ. ಆಳೆತ್ತರದ ಹೊಂಡ ತೋಡಿ, ಅದರ ಮೇಲೆ ದಿಮ್ಮಿಯನ್ನು ಇಡುತ್ತಾರೆ. ಮಸಿಯಲ್ಲಿ ಅದ್ದಿದ ನೂಲನ್ನು ಬಿಗಿದು ಮೀಟಿ ದಿಮ್ಮಿಯ ಮೇಲೆ ಒಂದು ಗೆರೆ ಹೊಡೆಯುತ್ತಾರೆ. ದಿಮ್ಮಿಯನ್ನು ಮಗುಚಿ ಅದೇ ನೇರಕ್ಕೆ ಕೆಳಗೂ ಒಂದು ಗೆರೆ ಹೊಡೆಯುತ್ತಾರೆ. ಒಬ್ಬ ದಿಮ್ಮಿಯ ಮೇಲೆ ಹತ್ತಿ ನಿಲ್ಲುತ್ತಾನೆ. ಇನ್ನೊಬ್ಬ ಹೊಂಡಕ್ಕೆ ಇಳಿಯುತ್ತಾನೆ. ಉದ್ದನೆಯ ಗರಗಸದ ಒಂದು ಹಿಡಿ ಮೇಲಿನವನ ಕೈಯಲ್ಲಿ, ಒಂದು ಹಿಡಿ ಕೆಳಗಿನವನ ಕೈಯಲ್ಲಿ.

ಮೇಲಿನವನಿಗೆ ಮೇಲಿನ ಗೆರೆ ಮಾತ್ರ ಕಾಣುತ್ತದೆ. ಕೆಳಗಿನವನಿಗೆ ಕೆಳಗಿನ ಗೆರೆ ಮಾತ್ರ ಕಾಣುತ್ತದೆ, ಅದೂ ಕಣ್ಣಿಗೆ ಮರದ ಹುಡಿ ಬೀಳದೆ ಇದ್ದಾಗ. ಆದ್ದರಿಂದ ಮರ ಕೊಯ್ಯುವವರು ಬಾಯಿ ಮುಚ್ಚುವುದಿಲ್ಲ. "ಬಲಕ್ಕೆ ಹೋಯಿತು", "ನಿನ್ನದೇ ಹೋಯಿತು", "ಎಡಕ್ಕೆ ತಾ" ಎಂದು ಒಬ್ಬರಿಗೊಬ್ಬರು ಕೂಗುತ್ತಲೇ ಇರುತ್ತಾರೆ. ದೂರದಿಂದ ಕೇಳಿದವರು ಜಗಳ ಎಂದುಕೊಳ್ಳುತ್ತಾರೆ. ಅದು ಜಗಳವಲ್ಲ, ಕೆಲಸ.

ಅಂದು ಮರ ಕೊಯ್ಯುವುದನ್ನು ನೋಡಲು ಊರೇ ಸೇರಿತು. ಊರಿಗೆ ಊರೇ ಬಂದು ನೋಡಿದರೂ ಕಾಣುವುದು ಮೇಲಿನ ಗೆರೆ. ಮೇಲೆ ನಿಂತವನಿಗೆ ನೇರ ಗೆರೆಯ ಕೊಯ್ತದಲ್ಲಿ ಹೆಸರಿತ್ತು. ಗರಗಸ ಮಸಿಯ ಮೇಲೆಯೇ ಇಳಿಯುತ್ತಾ ಹೋಯಿತು. ಜನ ತಲೆದೂಗಿದರು.

ಆಗ ಹೊಂಡದಿಂದ ಸ್ವರ ಬಂತು. "ಕೆಳಗೆ ಓರೆಯಾಗುತ್ತಿದೆ."

ಜನಕ್ಕೆ ಸಿಟ್ಟು ಬಂತು. ಕಣ್ಣೆದುರು ಇಷ್ಟು ನೇರ ಗೆರೆ ಇರುವಾಗ ಓರೆ ಎನ್ನುವವನು ಯಾರು? ಅದೂ ಹೊಂಡದಲ್ಲಿ ನಿಂತು? ಮೇಲಿನವನಿಗೆ ಅವರಿಗಿಂತ ಹೆಚ್ಚು ಸಿಟ್ಟು ಬಂತು. ಜನ ನೋಡುತ್ತಿದ್ದರಲ್ಲ.

"ನನ್ನ ಗೆರೆ ಕೂದಲೆಳೆಯಷ್ಟೂ ತಪ್ಪಿಲ್ಲ" ಎಂದ ಅವನು. "ಬಾಯಿ ತೆರೆದರೆ ಹುಡಿ ಬೀಳುತ್ತದೆ. ಮುಚ್ಚಿಕೊಂಡು ಎಳೆ."

ಜನ ಚಪ್ಪಾಳೆ ತಟ್ಟಿದರು. ಕೆಳಗಿನವನು ಹೆಗಲಿನ ಬೈರಾಸನ್ನು ಬಾಯಿಗೆ ಸುತ್ತಿಕೊಂಡು ಎಳೆದ. ಅವನಿಗೂ ಹಟ ಬಂದಿತ್ತು. ಓರೆಯಾಗುವುದು ಕಾಣುತ್ತಿದ್ದರೂ ಮತ್ತೆ ಹೇಳಲಿಲ್ಲ.

ಹಲಗೆ ಬಿತ್ತು. ಮೇಲಂಚು ಎರಡು ಬೆರಳು ದಪ್ಪ, ಕೆಳಗಂಚು ಹಪ್ಪಳ.

ವರ್ತಕ ತಲೆ ಮೇಲೆ ಕೈ ಹೊತ್ತ. ನ್ಯಾಯ ಮಾಡಬೇಕು ಎಂದು ಅವನಿಗೆ ಅನಿಸಿತು. ಮೇಲಿನವನನ್ನು ಹೊಂಡಕ್ಕೆ ಇಳಿಸಿದ, ಹೊಂಡದಲ್ಲಿದ್ದವನನ್ನು ಮೇಲಕ್ಕೆ ಹತ್ತಿಸಿದ.

ಇಷ್ಟು ಹೇಳಿ ಫಾದರ್ ಪಾತ್ರೆಯಿಂದ ಸುಲಿಯದ ಒಂದು ಬೀಜವನ್ನು ಹೆಕ್ಕಿ ಅವಳಿಗೇ ಹಿಂದೆ ಕೊಟ್ಟರು. ಅಪೊಲೀನಳ ಕೈ ಯಾವಾಗಲೋ ನಿಂತಿತ್ತು. ಅವಳು ಮುಂದಕ್ಕೆ ಬಗ್ಗಿ ಕೂತಿದ್ದಳು.

"ಈಗ ಸರಿಯಾಗ್ತದೆ!" ಎಂದಳು. "ಹೊಂಡದ ಕಷ್ಟ ಕಂಡವನು ಮೇಲೆ ಬಂದನಲ್ಲ!"

"ಹಾಗೆಯೇ ಊರಿನವರೂ ಅಂದುಕೊಂಡರು" ಎಂದರು ಫಾದರ್.

ಹೊಂಡದಿಂದ ಬಂದವನು ದಿಮ್ಮಿ ಹತ್ತಿದ. ಗಾಳಿ ಬೀಸುತ್ತಿತ್ತು. ಹುಡಿ ಇರಲಿಲ್ಲ. ಗೆರೆ ಕಣ್ಣಿಗೆ ಕುಕ್ಕುವಷ್ಟು ಸ್ಪಷ್ಟವಾಗಿತ್ತು. ಇಷ್ಟು ಸ್ಪಷ್ಟವಾಗಿ ಅವನು ಯಾವ ಗೆರೆಯನ್ನೂ ನೋಡಿರಲಿಲ್ಲ. ಅವನು ಗರಗಸ ಎಳೆದ. ಜನ ತಲೆದೂಗಿದರು.

ಹೊಂಡದಿಂದ ಸ್ವರ ಬಂತು. "ಕೆಳಗೆ ಓರೆಯಾಗುತ್ತಿದೆ."

ಮೇಲಿನವನು ಬಗ್ಗಿಯೂ ನೋಡಲಿಲ್ಲ. "ಬಾಯಿ ತೆರೆದರೆ ಹುಡಿ ಬೀಳುತ್ತದೆ" ಎಂದ. "ಮುಚ್ಚಿಕೊಂಡು ಎಳೆ."

ಚಪ್ಪಾಳೆ ತಟ್ಟಿದವರು ಅದೇ ಜನ.

ದಿಮ್ಮಿ ಮುಗಿಯಿತು. ಅಂಗಳದ ತುಂಬ ಓರೆ ಹಲಗೆಗಳು. ಕೆಲವು ಆ ಕಡೆಗೆ ಓರೆ, ಕೆಲವು ಈ ಕಡೆಗೆ ಓರೆ. ಯಾವುದನ್ನು ಯಾವುದಕ್ಕೆ ಜೋಡಿಸಿದರೂ ಕೂಡುತ್ತಿರಲಿಲ್ಲ. ಗದ್ದಲ ಕೇಳಿ ವರ್ತಕನ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಧಾನವಾಗಿ ಹೊರಗೆ ಬಂದಳು. ಅವಳನ್ನು ಕಂಡದ್ದೇ ಇಬ್ಬರೂ ಓಡಿ ಬಂದರು. ತಮ್ಮ ತಮ್ಮ ಹಲಗೆಯ ಮೇಲಂಚನ್ನು ಅವಳ ಮುಂದೆ ಹಿಡಿದರು.

"ನೋಡಿ ಅಮ್ಮಾ, ನನ್ನ ಗೆರೆ ಎಷ್ಟು ನೇರ!"

ಅವಳು ಇಬ್ಬರದ್ದನ್ನೂ ನೋಡಿದಳು. "ನೇರವೇ ಅಪ್ಪಾ" ಎಂದಳು. "ನಾನು ಎಲ್ಲಿ ಮಲಗಲಿ?"

ಹೆರಿಗೆಯಾಯಿತು. ತಾಯಿ ಬರಿ ನೆಲದಲ್ಲಿ ಮಲಗಿದಳು. ಮಗು ಹಳೆ ಸೀರೆಯ ಜೋಲಿಯಲ್ಲಿ ಮಲಗಿತು. ಯಾರ ಗೆರೆ ನೇರವಿತ್ತು ಎಂದು ಆ ಊರಿನಲ್ಲಿ ಇನ್ನೂ ವಾದ ನಡೆಯುತ್ತದೆ. ಎರಡು ಪಂಗಡಗಳಿವೆ. ಒಂದು ಪಂಗಡ ಊರಿನ ಈ ತುದಿಯಲ್ಲಿ ಸೇರಿ ವಾದಿಸುತ್ತದೆ, ಇನ್ನೊಂದು ಆ ತುದಿಯಲ್ಲಿ. ಪ್ರತಿ ಸಲವೂ ಎರಡೂ ಗೆಲ್ಲುತ್ತವೆ.

ಕತೆ ಮುಗಿಯಿತು. ಅಪೊಲೀನ್ ಎದ್ದು ನಿಂತಳು, ಮತ್ತೆ ಕೂತಳು. ಅವಳ ಮುಖ ಕೆಂಪಾಗಿತ್ತು. ಪರದೇಶದ ರೈಲುಗಳಲ್ಲಿ ಗುರುತಿಲ್ಲದವರ ಜೊತೆ ಊರು ಬರುವ ತನಕ ವಾದಿಸಿದವಳು ಅವಳು. ಅಷ್ಟು ಸುಲಭದಲ್ಲಿ ಬಿಡುವವಳಲ್ಲ.

"ಎಲ್ಲ ಒಪ್ಪಿದೆ ಫಾದರ್. ಕೇಳದೆ ಇದ್ದದ್ದು ತಪ್ಪು. ಜನ ಚಪ್ಪಾಳೆ ತಟ್ಟಿದ್ದೂ ತಪ್ಪು. ಆದರೆ ಒಂದು ಹೇಳಿ. ನಮ್ಮ ಗೆರೆ ನೇರವೇ ತಾನೇ?"

"ಮೇಲಿನಿಂದ ನೋಡಿದರೆ ನೇರವೇ ಮಗಳೇ" ಎಂದರು ಫಾದರ್ ಬೊನವೆಂತೂರ್.

ಅಪೊಲೀನ್ ಉಳಿದ ಬೀಜಗಳನ್ನು ಒಂದೊಂದಾಗಿ ಸುಲಿದಳು. ಪಾತ್ರೆ ತುಂಬಿದಾಗ ಎದ್ದು, ಅವರ ಕೈಗೆ ಮುತ್ತಿಟ್ಟು, ಸ್ಕೂಟರ್ ಹತ್ತಿದಳು.

ಕಲ್ಲುಶಿಲುಬೆಯ ಕಟ್ಟೆಯಲ್ಲಿ ಹೆಂಗಸು ಇದ್ದಳು. ಹೊರೆಯೂ ಇತ್ತು. ಅಪೊಲೀನ್ ಸ್ಕೂಟರ್ ನಿಲ್ಲಿಸಿ, ಕೀಲಿ ತೆಗೆದು ಕಿಸೆಗೆ ಹಾಕಿ, ಪಕ್ಕದಲ್ಲಿ ಕೂತಳು.

"ಸಾಲ ತೀರಿಸ್ಲಿಕ್ಕೆ ಬಂದಿದ್ದೇನೆ. ಹೇಳಿ."

"ನನ್ನ ಹೆಸರು ರೆಮೆದಿ" ಎಂದಳು ಹೆಂಗಸು. "ಮೇಲಿನ ವಾಳೆಯವಳು. ಪೋಸ್ಟರಿನಲ್ಲಿ ನಿಮ್ಮ ಫೋಟೋ ನೋಡಿದ್ದೆ, ಹಾಗಾಗಿ ಗುರುತು ಸಿಕ್ಕಿತು. 'ಕುರ್ಚಿ ಭರ್ತಿ ಆಗಿದೆ' ಅಂತ ನೀವು ಹೇಳಿ ಕಳಿಸಿದ್ದು ನನಗೇ."

ಅಪೊಲೀನಳ ಬಾಯಿ ತೆರೆಯಿತು. ಕಾರಣಗಳು ನಾಲಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಕಮಿಟಿ ಇತ್ತು, ಸಮಯದ ಮಿತಿ ಇತ್ತು, ವಿಗಾರ್ ಫಾದರ್ ಇದ್ದರು. ಅವಳಿಗೆ ಕರಾರು ನೆನಪಾಯಿತು. ಬಾಯಿ ಮುಚ್ಚಿದಳು.

ರೆಮೆದಿ ಹೇಳಿದಳು. ಅಳಲಿಲ್ಲ, ಸ್ವರ ಏರಿಸಲೂ ಇಲ್ಲ. ಮಗಳ ಮೈ ಕೆಂಡವಾಗಿದ್ದದ್ದನ್ನು ಹೇಳಿದಳು. ಅಳಿಯ ಹಡಗಿನಲ್ಲಿದ್ದ, ಫೋನು ಸಿಗಲಿಲ್ಲ, ಆಸ್ಪತ್ರೆಯವರು ಕೇಳಿದ್ದು ಅವಳನ್ನೇ. ಜಪಮಾಲೆ ಹಿಡಿದ ಕೈಯಲ್ಲಿಯೇ ಸಹಿ ಹಾಕಿದೆ ಎಂದಳು. ಆಮೇಲೆಯೂ ರೆಮೆದಿ ಪೂಜೆಗೆ ಹೋಗುತ್ತಾಳೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ, ಪರಮಪ್ರಸಾದ ತೆಗೆದುಕೊಳ್ಳಲು ಮಾತ್ರ ಏಳುವುದಿಲ್ಲ. ಮಗಳು ಇಗರ್ಜಿಯ ಮೆಟ್ಟಿಲನ್ನೇ ಹತ್ತುವುದಿಲ್ಲ. 'ಅವಳು ಸಾಯಬೇಕಿತ್ತು' ಎಂದು ಯಾರೋ ಇಗರ್ಜಿಯ ಹಿತ್ತಲಲ್ಲಿ ಹೇಳಿದ್ದು ಆ ಮಗಳ ಕಿವಿಗೆ ಬಿದ್ದಿತ್ತು.

"ನಾನು ಮಾಡಿದ್ದು ಸರಿ ಅಂತ ಚಪ್ಪಾಳೆ ತಟ್ಟಿಸ್ಕೊಳ್ಳಿಕ್ಕೆ ನನಗೆ ಕುರ್ಚಿ ಬೇಕಾದ್ದಲ್ಲ" ಎಂದಳು ರೆಮೆದಿ. "ಆ ಮಗುವಿಗೂ ನಾನೇ ಅಜ್ಜಿ ಅಲ್ವಾ? ನನಗೆ ದುಃಖ ಇಲ್ವಾ? ಆದ್ರೆ ನೀವೆಲ್ಲ ನನ್ನ ವಿಷಯವೇ ಮಾತಾಡ್ಲಿಕ್ಕೆ ಹಾಲ್ ತುಂಬ ಜನ ಸೇರಿಸ್ತೀರಿ. ನಾನೊಬ್ಬಳು ಅಲ್ಲಿ ಇರ್ಲಿಕ್ಕಿಲ್ಲ. ಅದು ಯಾವ ಲೆಕ್ಕ ಹೇಳಿ? ಬೇಡ, ಈಗ ಹೇಳ್ಬೇಡಿ. ನನ್ನ ಮಾತು ಇನ್ನೂ ಮುಗೀಲಿಲ್ಲ."

ಅಪೊಲೀನ್ ಹೇಳಲಿಲ್ಲ. ನಡುವೆ ಇನ್ನೂ ಕೆಲವು ಸಲ ಅವಳ ಬಾಯಿ ತೆರೆಯಿತು. ಒಪ್ಪದ ಮಾತುಗಳಿದ್ದವು, ಉತ್ತರಗಳೂ ಇದ್ದವು. ಪ್ರತಿ ಸಲವೂ ಮುಚ್ಚಿತು. ತನ್ನ ಬಾಯಿಗೆ ಮುಚ್ಚಲಿಕ್ಕೂ ಬರುತ್ತದೆ ಎಂಬುದು ಅವಳಿಗೇ ಹೊಸ ಸುದ್ದಿ.

ಮಾತು ಮುಗಿಯಿತು. ರೆಮೆದಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ದಾರಿಯ ಸಾಲ ತೀರಿತು. ಇನ್ನು ನೀವು ಹೋಗಬಹುದು."

"ದಾರಿಯದ್ದು ತೀರಿತು" ಎಂದಳು ಅಪೊಲೀನ್. "ಕುರ್ಚಿಯದ್ದು ಬಾಕಿ ಉಂಟು. ನಾಳೆ ಬನ್ನಿ. ಇದನ್ನೇ, ಇದೇ ಸ್ವರದಲ್ಲಿ ಹೇಳಿ."

ರೆಮೆದಿ ಅವಳ ಮುಖವನ್ನೇ ನೋಡಿದಳು, ತಮಾಷೆಯೋ ನಿಜವೋ ಎಂದು.

"ಅಲ್ಲಿ ಡಾಕ್ಟರು, ವಕೀಲರು, ಎಲ್ಲ ಇರ್ತಾರೆ. ನಡುವಿನಲ್ಲಿ ಬಾಯಿ ಹಾಕಿದ್ರೆ?"

"ಹಾಕಲಿ. ಅವರಿಗೂ ಕಂಡದ್ದನ್ನು ಅವರು ಹೇಳಲಿ. ನೀವೂ ಬಾಯಿ ಹಾಕಿ."

"ಅಯ್ಯೋ ದೇವರೇ! ಜಗಳ ಆಗ್ತದೆ ಮಾರಾಯ್ರೆ."

"ಜಗಳ ಅಲ್ಲ" ಎಂದಳು ಅಪೊಲೀನ್. "ಕೆಲಸ."

ರೆಮೆದಿಗೆ ಅರ್ಥವಾಗಲಿಲ್ಲ. ಆದರೆ ನಾಳೆ ಯಾವ ಸೀರೆ ಉಡುವುದು ಎಂಬ ಯೋಚನೆ ಆಗಲೇ ಅವಳ ಕಣ್ಣಿನಲ್ಲಿ ಬಂದಿತ್ತು.

ಮರುದಿನ ಸಂಜೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಮೇಲಿನ ನಾಲ್ಕು ಕುರ್ಚಿಗಳಲ್ಲಿ ಮೂರು ತುಂಬಿದ್ದವು. ಅಪೊಲೀನ್ ಹಿಂದಿನ ಬೆಂಚಿನ ತನಕ ನಡೆದು ಹೋಗಿ ರೆಮೆದಿಯನ್ನು ಕೈಹಿಡಿದು ಕರೆತಂದಳು, ಅಧ್ಯಕ್ಷೆಯ ಕುರ್ಚಿಯಲ್ಲಿ ಕೂರಿಸಿದಳು, ಮೈಕನ್ನು ಅವಳ ಎತ್ತರಕ್ಕೆ ಇಳಿಸಿದಳು. ವಿಗಾರ್ ಫಾದರ್ ಹುಬ್ಬು ಗಂಟಿಕ್ಕಿದರು. ಡಾಕ್ಟರು ವಕೀಲರನ್ನು ನೋಡಿದರು. ಹಾಲ್‌ನಲ್ಲಿ ಗುಜುಗುಜು ಎದ್ದಿತು.

ಕಮಿಟಿಯ ಕಾರ್ಯದರ್ಶಿ ಓಡಿ ಬಂದು ಅಪೊಲೀನಳ ಕಿವಿಯಲ್ಲಿ ಪಿಸುಗುಟ್ಟಿದ. "ಇದೆಂತ ಮಾಡ್ತಾ ಇದ್ದೀರಿ? ನೀವು ಎಲ್ಲಿ ಕೂರ್ತೀರಿ?"

"ಸಾಲ ಇತ್ತು, ತೀರಿಸ್ತಾ ಇದ್ದೇನೆ" ಎಂದಳು ಅಪೊಲೀನ್. ಮೆಟ್ಟಿಲು ಇಳಿದು, ಕತ್ತೆತ್ತಿ, ವೇದಿಕೆಯ ಕೆಳಗೆ ನಿಂತಳು.